ಅಂಗುಳದ ಉಬ್ಬುಗೆರೆ

ಸೋಮವಾರ ಬೆಳಿಗ್ಗೆಯಿಂದ ಮೇಣದಕ್ಕನಿಗೆ ತನ್ನ ಜೊಲ್ಲು ತಾನು ನುಂಗುವುದೇ ದೊಡ್ಡ ಕೆಲಸವಾಗಿಬಿಟ್ಟಿತ್ತು. ನಲವತ್ತನಾಲ್ಕು ವರ್ಷ ಅದರ ಪಾಡಿಗೆ ಅದು ನಡೆದುಕೊಂಡು ಬಂದಿತ್ತು. ಈಗ ಅದರ ಮೇಲೆ ಕಣ್ಣು ಬಿದ್ದದ್ದೇ ತಡ, ಕೈಕೊಡಲು ಶುರುಮಾಡಿತು. ಬಸ್ಸಿನಲ್ಲಿ ಕುಳಿತರೆ ನುಂಗಬೇಕೆನಿಸುತ್ತದೆ, ನುಂಗಲು ಹೋದರೆ ಬಾಯಲ್ಲಿ ಏನೂ ಇರುವುದಿಲ್ಲ. ಆದರೂ ನಾಲಿಗೆ ಮೇಲೇಳುತ್ತದೆ, ಗಂಟಲಮಣಿ ಎದ್ದು ಇಳಿಯುತ್ತದೆ, ಇಳಿದ ಕೂಡಲೇ ಇನ್ನೊಂದು ಬೇಕೆನಿಸುತ್ತದೆ. ಪಕ್ಕದ ಸೀಟಿನ ಹೆಂಗಸು ಅವಳನ್ನು ಎರಡು ಸಲ ನೋಡಿ, "ವಾಂತಿ ಬರೋ ಹಾಗಿದ್ರೆ ಕಿಟಕಿ ಕಡೆ ಬನ್ನಿ" ಎಂದು ಜಾಗ ಬಿಟ್ಟುಕೊಟ್ಟಳು.

ವಾಂತಿಯಲ್ಲ. ಗುರುವಾರದ ಭಯ.

ಗುರುವಾರ ಹನ್ನೊಂದು ಗಂಟೆಗೆ ಅತ್ತಿಗೆಗೆ, ಎಂದರೆ ಅವಳ ಗಂಡನ ಅಕ್ಕನಿಗೆ, ಆಸ್ಪತ್ರೆಯಲ್ಲಿ ನುಂಗುವ ಪರೀಕ್ಷೆ ಇತ್ತು. ಆರು ವಾರದ ಹಿಂದೆ ಅತ್ತಿಗೆಯ ಅಂಗುಳದಲ್ಲಿ ಬೆಳೆದಿದ್ದ ಗಡ್ಡೆಯನ್ನು ತೆಗೆದಿದ್ದರು. ಗಡ್ಡೆಯ ಜೊತೆಗೆ ಗಟ್ಟಿ ಅಂಗುಳದ ಮುಂಭಾಗದ ಮೂಳೆಯೂ ಹೋಗಿ, ಬಾಯಿಗೂ ಮೂಗಿಗೂ ನಡುವೆ ಒಂದು ತೂತು ಉಳಿದಿತ್ತು. ಅತ್ತಿಗೆ ಗುಂಡಿ, ಜಿಪ್ಪು, ದಾರ ಮಾರುವ ಅಂಗಡಿಯವರು. ಆಪರೇಷನ್ ಆದ ನಾಲ್ಕನೇ ದಿನ ಕೈಗನ್ನಡಿ ತರಿಸಿಕೊಂಡು, ಬಾಯಿ ತೆರೆದು ನೋಡಿ, ಸ್ಲೇಟಿನ ಮೇಲೆ ಬರೆದು ತೋರಿಸಿದ್ದರು: "ದೊಡ್ಡ ಕೋಟಿನ ಗುಂಡಿ. ನಾಲ್ಕು ತೂತಿನದು." ಮಾತಾಡಿದರೆ ಗಾಳಿಯೆಲ್ಲ ಮೂಗಿಗೆ ಹೋಗುತ್ತಿತ್ತು. ಕುಡಿದ ನೀರು ಮೂಗಿನಿಂದ ಹೊರಬರುತ್ತಿತ್ತು. ಆದ್ದರಿಂದ ಮೂಗಿನ ಒಂದು ಹೊಳ್ಳೆಯಿಂದ ಹೊಟ್ಟೆಯವರೆಗೆ ಸಪೂರ ನಳಿಗೆ ಇಳಿಬಿಟ್ಟು, ಅದರಲ್ಲೇ ಗಂಜಿ, ಹಾಲು, ಮಾತ್ರೆಪುಡಿ ಎಲ್ಲವನ್ನೂ ಕೊಡುತ್ತಿದ್ದರು.

ತೂತು ಮುಚ್ಚಲು ಒಂದು ಅಂಗುಳದ ಪ್ಲೇಟು ತಯಾರಾಗಿತ್ತು. ಗುರುವಾರದ ಪರೀಕ್ಷೆಯಲ್ಲಿ ಆ ಪ್ಲೇಟು ಹಾಕಿಕೊಂಡು ಅತ್ತಿಗೆ ನುಂಗಿ ತೋರಿಸಬೇಕು. ನುಂಗಿದ್ದು ಉಸಿರುನಾಳಕ್ಕೆ ಹೋದರೆ, ಶುಕ್ರವಾರವೇ ಹೊಟ್ಟೆಗೆ ತೂತು ಮಾಡಿ ನೇರವಾಗಿ ನಳಿಗೆ ಇಡುವುದು. ಮುಂದಿನ ವಾರದಿಂದ ವಿಕಿರಣ ಚಿಕಿತ್ಸೆ ಶುರುವಾಗುತ್ತದೆ, ಕಾಯುವಂತಿಲ್ಲ ಎಂದಿದ್ದರು ಡಾಕ್ಟರು. ಅತ್ತಿಗೆ ಆ ದಿನ ಸ್ಲೇಟಿನ ಮೇಲೆ, ಬಳಪ ಮುರಿಯುವ ಹಾಗೆ ಒತ್ತಿ ಬರೆದರು: "ಹೊಟ್ಟೆಗೆ ಬಾಯಿ ಬೇಡ."

ಆ ಪ್ಲೇಟನ್ನು ಮಾಡಿದವಳು ಮೇಣದಕ್ಕ. ಅದು ಅತ್ತಿಗೆಗೆ ಗೊತ್ತಿರಲಿಲ್ಲ.

ಹಲ್ಲಿನ ಲ್ಯಾಬಿನಲ್ಲಿ ಹತ್ತೊಂಬತ್ತು ವರ್ಷದಿಂದ ಅವಳದು ಮೇಣದ ಕೆಲಸ. ಡಾಕ್ಟರುಗಳು ಬಾಯಿಯ ಅಚ್ಚು ತೆಗೆದು ಕಳಿಸುತ್ತಾರೆ. ಅದಕ್ಕೆ ಪ್ಲಾಸ್ಟರ್ ಹೊಯ್ದರೆ ಬಿಳಿಯ ದವಡೆ ಮೂಡುತ್ತದೆ. ಆ ದವಡೆಯ ಮೇಲೆ ಮೇಣದಲ್ಲಿ ಅಂಗುಳವನ್ನೋ ಒಸಡನ್ನೋ ರೂಪಿಸಿ, ಪ್ಲಾಸ್ಟರಿನಲ್ಲಿ ಹುದುಗಿಸಿ, ಕುದಿನೀರಿನಲ್ಲಿ ಮೇಣ ಕರಗಿಸಿ ತೆಗೆದು, ಖಾಲಿಯಾದ ಜಾಗಕ್ಕೆ ಗುಲಾಬಿ ಅಕ್ರಿಲಿಕ್ ತುಂಬಿ ಬೇಯಿಸುತ್ತಾರೆ. ಆಮೇಲೆ ಉಜ್ಜುವುದು. ಲ್ಯಾಬಿನ ಮಾಲೀಕರಿಗೆ ಉಜ್ಜುವುದೆಂದರೆ ಪ್ರಾಣ. ಪ್ರತಿ ಪ್ಲೇಟನ್ನೂ ದೀಪಕ್ಕೆ ಹಿಡಿದು, "ನನ್ನ ಮುಖ ಕಾಣ್ತಿಲ್ಲವಲ್ಲಮ್ಮಾ" ಎಂದು ವಾಪಸ್ಸು ಕೊಡುತ್ತಾರೆ. ಅದಕ್ಕೇ ಅವರಿಗೆ ಬೆನ್ನ ಹಿಂದೆ ಕನ್ನಡಿ ಸಾರ್ ಎಂಬ ಹೆಸರು.

ಹತ್ತೊಂಬತ್ತು ವರ್ಷದ ಹಿಂದೆ ಅವಳು ಈ ಕೆಲಸಕ್ಕೆ ಸೇರಿದ ವಾರವೇ ಅತ್ತಿಗೆ ಅಡುಗೆಮನೆಯಲ್ಲಿ, ಎಲ್ಲರೂ ಇರುವಾಗಲೇ, ತಟ್ಟೆಯನ್ನು ಪಕ್ಕಕ್ಕೆ ಎಳೆದುಕೊಂಡಿದ್ದರು. "ಊರವರ ಬಾಯಿ ಅಚ್ಚು ಹಿಡಿಯೋ ಕೈ ಅದು. ನಂಗೆ ಬಡಿಸೋದು ಬೇಡ ಹುಡುಗಿ. ನಾನೇ ಹಾಕ್ಕೋತೀನಿ." ಕೋಪವೇನೂ ಇರಲಿಲ್ಲ ಆ ಮಾತಿನಲ್ಲಿ. ಅಂಗಡಿಯಲ್ಲಿ ಬಣ್ಣ ಹೊಂದದ ದಾರವನ್ನು ಗಿರಾಕಿಗೆ ಬೇಡ ಎನ್ನುವ ಧಾಟಿ. ಅಂದಿನಿಂದ ಬಡಿಸುವುದಿಲ್ಲ, ಬಡಿಸಿಕೊಳ್ಳುವುದಿಲ್ಲ. ಜಗಳವಾಗಿದ್ದರೆ ಎಂದಾದರೂ ಮುಗಿಯುತ್ತಿತ್ತು. ಇದು ಜಗಳವಲ್ಲ, ರೂಢಿ.

ಹೀಗಿರುವಾಗ ಆಸ್ಪತ್ರೆಯಿಂದ ಲ್ಯಾಬಿಗೆ ಬಂದ ಡಬ್ಬಿಯ ಚೀಟಿಯಲ್ಲಿ ಅತ್ತಿಗೆಯ ಹೆಸರು ಕಂಡಾಗ ಅವಳು ಏನು ಮಾಡಬೇಕಿತ್ತು? ಬೇರೆಯವರ ಮೇಜಿಗೆ ಕಳಿಸಬಹುದಿತ್ತು. ಕಳಿಸಲಿಲ್ಲ. ತಾನೇ ಮಾಡಿದಳು, ಮನೆಯಲ್ಲಿ ತುಟಿ ಬಿಚ್ಚಲಿಲ್ಲ. ಗೊತ್ತಾದರೆ ಅತ್ತಿಗೆ ಅದನ್ನು ಬಾಯಿಗೆ ಹಾಕಿಕೊಳ್ಳುವುದಿಲ್ಲ ಎಂಬುದರಲ್ಲಿ ಅವಳಿಗೆ ಎಳ್ಳಷ್ಟೂ ಅನುಮಾನವಿರಲಿಲ್ಲ. ಒಂಬತ್ತು ದಿನ ಹಿಡಿಯಿತು. ತೂತಿನೊಳಗೆ ಕೂರುವ ಉಬ್ಬನ್ನು ಟೊಳ್ಳಾಗಿ ಮಾಡಿದಳು, ಭಾರವಾಗಬಾರದೆಂದು. ಹಲ್ಲಿಗೆ ಹಿಡಿಯುವ ತಂತಿಗಳನ್ನು ಮೂರು ಸಲ ಬಾಗಿಸಿದಳು. ಕೊನೆಗೆ ಉಜ್ಜಿದಳು, ಉಜ್ಜಿದಳು, ಬಟ್ಟೆಚಕ್ರ ಬಿಸಿಯಾಗುವವರೆಗೆ. ಆ ಪ್ಲೇಟಿನಲ್ಲಿ ಯಾರೂ, ಮುಖ್ಯವಾಗಿ ಒಬ್ಬರು, ಒಂದು ಕೂದಲೆಳೆಯಷ್ಟೂ ತಪ್ಪು ಹುಡುಕಬಾರದಿತ್ತು.

ಸೋಮವಾರ ಆಸ್ಪತ್ರೆಯ ಅಭ್ಯಾಸದ ಕೋಣೆಯಲ್ಲಿ ದವಡೆ ಡಾಕ್ಟರು ಆ ಪ್ಲೇಟನ್ನು ಅತ್ತಿಗೆಯ ಬಾಯಿಗೆ ಕೂರಿಸಿ, ಬೆರಳಿನಿಂದ ಅಲ್ಲಾಡಿಸಿ ನೋಡಿ, "ಯಾರು ಮಾಡಿದ್ರೋ, ಆ ಕೈಗೆ ದೊಡ್ಡ ನಮಸ್ಕಾರ" ಎಂದರು. ಗೋಡೆಗೆ ಒರಗಿ ನಿಂತಿದ್ದ ಮೇಣದಕ್ಕ ಕಿಟಕಿಯ ಕಡೆ ತಿರುಗಿದಳು. ಒಂದು ಗುಟುಕು ನೀರು ಕೊಟ್ಟರು, ಮೂಗಿನಿಂದ ಬರಲಿಲ್ಲ. ಅತ್ತಿಗೆ ಆರು ವಾರದಲ್ಲಿ ಮೊದಲ ಸಲ ಅರ್ಥವಾಗುವಂಥ ಒಂದು ಮಾತು ಆಡಿದರು, "ಸಾಕು ಬಿಡಿ" ಎಂದು. ಎಲ್ಲರೂ ನಕ್ಕರು.

ಆಮೇಲೆ ಹಿಸುಕಿದ ಬಾಳೆಹಣ್ಣು ಕೊಟ್ಟರು. ಅಲ್ಲಿಗೆ ನಗು ನಿಂತಿತು.

ಹಣ್ಣು ನಾಲಿಗೆಯ ಮೇಲೇ ಕುಳಿತಿತು. ಅತ್ತಿಗೆಯ ಕೆನ್ನೆಗಳು ಏನೋ ಮಾಡಿದವು, ಗದ್ದ ಏನೋ ಮಾಡಿತು, ಹಣ್ಣು ಎಡಗೆನ್ನೆಗೆ ಹೋಯಿತು, ಬಲಗೆನ್ನೆಗೆ ಹೋಯಿತು, ಹಿಂದಕ್ಕೆ ಮಾತ್ರ ಹೋಗಲಿಲ್ಲ. ಕೊನೆಗೆ ಸಮಯವಲ್ಲದ ಸಮಯದಲ್ಲಿ ಒಂದು ತುಣುಕು ತಾನಾಗಿ ಜಾರಿ ಗಂಟಲಿಗೆ ಬಿತ್ತು. ಅತ್ತಿಗೆ ಕೆಮ್ಮಿದರು, ಕೆಮ್ಮಿದರು, ಮುಖ ಕಪ್ಪಿಟ್ಟಿತು, ಕಣ್ಣಲ್ಲಿ ನೀರು ಬಂತು.

ನುಂಗುವುದನ್ನು ಕಲಿಸುವ ಮೇಡಂ, ರೋಗಿಗಳೆಲ್ಲ ನುಂಗೋ ಮೇಡಂ ಎಂದೇ ಕರೆಯುವ ಎಳೆಯ ವಯಸ್ಸಿನ ಹೆಂಗಸು, ಅತ್ತಿಗೆಯ ಬೆನ್ನು ಸವರುತ್ತ, "ಪ್ಲೇಟಲ್ಲಿ ಏನೂ ಐಬಿಲ್ಲ. ನಾಲಿಗೆಗೆ ಶಕ್ತಿ ಸಾಲ್ತಿಲ್ಲ. ಮೂರು ದಿನ ಇದೆ, ಅಭ್ಯಾಸ ಮಾಡಿ ಅಮ್ಮ" ಎಂದಳು.

ಅತ್ತಿಗೆ ಸ್ಲೇಟು ಎಳೆದುಕೊಂಡರು. "ನಾಲಿಗೆಗೆ ಶಕ್ತಿ ಇಲ್ಲ ಅಂತ ನನಗೆ ಹೇಳಿದವರು ನೀವೇ ಮೊದಲು."

ಮನೆಗೆ ಬರುವ ದಾರಿಯಲ್ಲಿ ಗಂಡ ಆಟೋದ ಹಿಂದಿನ ಸೀಟಿನಲ್ಲಿ ನಡುವೆ ಕುಳಿತು, ಅಕ್ಕನಿಗೆ ಧೈರ್ಯ ಹೇಳಲು ಹೋಗಿ ಲಿಫ್ಟಿನ ಕಥೆ ತೆಗೆದ. ಅವನು ಲಿಫ್ಟ್ ರಿಪೇರಿಯವನು. ಪ್ರಪಂಚದಲ್ಲಿ ಏನೇ ಆದರೂ ಅವನಿಗೆ ಅದರ ಲಿಫ್ಟು ಕಾಣುತ್ತದೆ.

"ನೋಡಕ್ಕಾ, ಗಂಟಲಲ್ಲಿ ಎರಡು ಬಾಗಿಲು. ಒಂದು ಉಸಿರಿಗೆ, ಒಂದು ಊಟಕ್ಕೆ. ಒಂದು ಮುಚ್ಚಿದ ಹೊರತು ಇನ್ನೊಂದು ತೆರೀಬಾರದು. ಲಿಫ್ಟಲ್ಲೂ ಹಾಗೇನೇ, ಬಾಗಿಲು ಪೂರ್ತಿ ಮುಚ್ಚದೆ ಮೋಟಾರು ಹೊರಡಲ್ಲ. ನಿನ್ನ ಬಾಗಿಲುಗಳೆಲ್ಲ ಸರಿ ಇವೆ ಅಂದ್ರು ಡಾಕ್ಟ್ರು. ಗುಂಡಿ ಒತ್ತೋರಿಲ್ಲ, ಅಷ್ಟೇ."

ಅತ್ತಿಗೆ ಬರೆದರು: "ಗುಂಡಿ ವಿಷಯ ನನಗೆ ಹೇಳಬೇಡ."

ಮೇಣದಕ್ಕ ನಗಲಿಲ್ಲ. ಅವಳ ತಲೆಯಲ್ಲಿ ಬೇರೆ ಯಾವುದೋ ಹುಳು ಕೊರೆಯುತ್ತಿತ್ತು. ಈ ಆರು ವಾರ ಮನೆ ಮೌನವಾಗಿತ್ತು. ಬಟ್ಟೆ ಒಣಹಾಕುವ ರೀತಿ, ಬಾಗಿಲು ಹಾಕುವ ಸದ್ದು, ಅವಳ ನಡಿಗೆ, ಅವಳ ತವರು, ಯಾವುದರ ಮೇಲೂ ಯಾರೂ ಒಂದು ಮಾತು ಒಗೆದಿರಲಿಲ್ಲ. ಕಳೆದ ವಾರ ಪಾತ್ರೆ ತೊಳೆಯುತ್ತ ತಾನು ಏನೋ ಗುನುಗುತ್ತಿದ್ದುದನ್ನು ತಾನೇ ಕೇಳಿಸಿಕೊಂಡು ಬೆಚ್ಚಿದ್ದಳು. ಆ ಗುನುಗು ಈಗ ಎದ್ದು ಬಂದು ಅವಳನ್ನು ಕೇಳುತ್ತಿತ್ತು: ಪ್ಲೇಟಲ್ಲಿ ಏನೂ ಐಬಿಲ್ಲ ಎನ್ನುತ್ತಾರೆ, ಆದರೂ ನುಂಗಲಾಗುತ್ತಿಲ್ಲ. ನಿನ್ನ ಕೈಗೇ ಗೊತ್ತಿಲ್ಲದ ಹಾಗೆ ನಿನ್ನ ಕೈ ಏನಾದರೂ ಮಾಡಿದೆಯಾ?

ಸಂಜೆ ಅವಳಿಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ಒಲೆ ಒರೆಸಿದಳು, ಒರೆಸಿದ ಒಲೆಯನ್ನೇ ಮತ್ತೆ ಒರೆಸಿದಳು. ಅತ್ತಿಗೆಯ ಕೋಣೆಯ ಬಾಗಿಲವರೆಗೆ ಮೂರು ಸಲ ಹೋಗಿ ಬಂದಳು. ನಾಲ್ಕನೆಯ ಸಲ ಒಳಗೆ ಹೋದಳು.

ಅತ್ತಿಗೆ ಮಂಚದ ಮೇಲೆ ಅಂಗಡಿಯ ತಟ್ಟೆಗಳನ್ನು ಹರಡಿಕೊಂಡು ಗುಂಡಿಗಳನ್ನು ಬಣ್ಣ ಬಣ್ಣವಾಗಿ ಬೇರ್ಪಡಿಸುತ್ತಿದ್ದರು. ನಳಿಗೆಯನ್ನು ಕೆನ್ನೆಗೆ ಅಂಟಿಸಿದ ಪಟ್ಟಿಯ ತುದಿ ಎದ್ದಿತ್ತು. ಪ್ಲೇಟು ಪಕ್ಕದ ಬಟ್ಟಲಿನ ನೀರಿನಲ್ಲಿ ಮುಳುಗಿತ್ತು.

"ಅತ್ತಿಗೆ, ಅದು ಹಾಕ್ಕೊಂಡಾಗ ಏನಾಗತ್ತೆ? ಎಲ್ಲಿ ತೊಂದ್ರೆ?"

"ನಿನಗ್ಯಾಕೆ?" ಎಂದು ಬರೆದರು.

"ನಾನೇ ಮಾಡಿದ್ದು ಅದನ್ನ."

ಅತ್ತಿಗೆ ಅವಳ ಮುಖ ನೋಡಲಿಲ್ಲ, ಕೈ ನೋಡಿದರು. ಪ್ಲಾಸ್ಟರಿನಿಂದ ಬಿರುಕುಬಿಟ್ಟ ಬೆರಳತುದಿ, ಹೆಬ್ಬೆರಳ ಉಗುರಿನ ಸಂದಿಯಲ್ಲಿ ಎಷ್ಟು ತೊಳೆದರೂ ಹೋಗದ ಗುಲಾಬಿ ಬಣ್ಣ. ನಂತರ ಬಟ್ಟಲನ್ನು ನೋಡಿದರು. ಗೋಡೆಯ ಕಡೆ ತಿರುಗಿ ಕುಳಿತರು. ಬೆನ್ನೇ ಹೇಳಿತು, ಹೋಗು ಎಂದು. ಅವಳು ಹೋದಳು.

ಕಾಲು ಗಂಟೆಯ ಮೇಲೆ, ಅವಳು ಈರುಳ್ಳಿ ಹೆಚ್ಚುತ್ತಿರುವಾಗ, ಅಡುಗೆಮನೆಯ ಕಟ್ಟೆಯ ಮೇಲೆ ಸ್ಲೇಟು ಬಂದು ಕುಳಿತಿತು. "ಎಷ್ಟು ದಿನ ಹಿಡಿಯಿತು?"

"ಒಂಬತ್ತು."

ಅತ್ತಿಗೆ ಅಂಗೈಯಿಂದ ಒರೆಸಿ ಮತ್ತೆ ಬರೆದರು: "ಕಳಿಸುವ ಮುಂಚೆ ತೊಳೆದೆಯಾ?"

"ಮೂರು ಸಲ. ಔಷಧಿ ನೀರಲ್ಲಿ."

"ನಾನು ನಾಲ್ಕು ಸಲ ತೊಳೆದೆ. ಹೇಳು, ಏನು ನೋಡಬೇಕು."

ಅಂಗಳದ ಬಾಗಿಲಲ್ಲಿ ಇನ್ನೂ ಬೆಳಕಿತ್ತು. ಅತ್ತಿಗೆ ಅಲ್ಲಿ ಕುರ್ಚಿ ಹಾಕಿ ಕುಳಿತು, ಪ್ಲೇಟು ಹಾಕಿಕೊಂಡು, ಆಕಾಶಕ್ಕೆ ಮುಖ ಮಾಡಿ ಬಾಯಿ ತೆರೆದರು. ಮೇಣದಕ್ಕ ಬಗ್ಗಿದಳು.

ಹತ್ತೊಂಬತ್ತು ವರ್ಷದಲ್ಲಿ ಸಾವಿರಾರು ಬಾಯಿಗಳು ಅವಳ ಕೈಯಲ್ಲಿ ಹಾದುಹೋಗಿದ್ದವು. ಎಲ್ಲವೂ ಬಿಳಿ, ಎಲ್ಲವೂ ಒಣ, ಎಲ್ಲವೂ ಸುಮ್ಮನಿದ್ದವು. ಇದು ಸುಮ್ಮನಿರಲಿಲ್ಲ. ಒಳಗೆ ಎಲ್ಲವೂ ಒದ್ದೆ, ಎಲ್ಲವೂ ಕೆಂಪು, ಎಲ್ಲವೂ ಏನನ್ನೋ ಮಾಡುತ್ತಿತ್ತು. ಅವಳ ಪ್ಲೇಟು ಮುಗಿಯುವ ಕಡೆಯಿಂದ ಮೆದು ಅಂಗುಳ ಶುರುವಾಗಿ, ಅದರ ತುದಿಯಲ್ಲಿ ಕಿರುನಾಲಗೆ ಜೋತುಬಿದ್ದಿತ್ತು. "ಆ ಅನ್ನಿ" ಎಂದಾಗ ಅದೆಲ್ಲ ಒಟ್ಟಿಗೆ ಮೇಲೆದ್ದು ಮೂಗಿನ ದಾರಿಯನ್ನು ಮುಚ್ಚಿತು. ಅದರ ಹಿಂದೆ, ಆಳದಲ್ಲಿ, ಗಂಡ ಹೇಳಿದ ಎರಡು ಬಾಗಿಲುಗಳ ಕತ್ತಲೆ. ಮತ್ತು ಇವೆಲ್ಲದರ ನಡುವೆ, ಬಾಯಿ ತುಂಬ, ನಾಲಿಗೆ.

ಪ್ಲಾಸ್ಟರಿನ ಅಚ್ಚಿನಲ್ಲಿ ನಾಲಿಗೆ ಇರುವುದಿಲ್ಲ. ಅದಿರಬೇಕಾದ ಜಾಗ ಖಾಲಿ. ಆ ಖಾಲಿಯನ್ನು ನೋಡುತ್ತಲೇ ಅವಳು ಇಷ್ಟು ವರ್ಷ ಕೆಲಸ ಮಾಡಿದ್ದಳು, ಅಲ್ಲೊಬ್ಬರು ವಾಸವಿದ್ದಾರೆಂದು ಒಮ್ಮೆಯೂ ಯೋಚಿಸಿರಲಿಲ್ಲ.

"ಈಗ ನುಂಗಿ. ಬಾಯಿ ಪೂರ್ತಿ ಮುಚ್ಚಬೇಡಿ, ನಂಗೆ ಕಾಣ್ಲಿ."

ಅತ್ತಿಗೆಯ ನಾಲಿಗೆಯ ತುದಿ ಮೇಲಿನ ಹಲ್ಲುಗಳ ಹಿಂದಕ್ಕೆ ಹೋಯಿತು. ಅಲ್ಲಿ ಏನನ್ನೋ ಹುಡುಕಿತು. ಎಡಕ್ಕೆ, ಬಲಕ್ಕೆ, ಸ್ವಲ್ಪ ಹಿಂದೆ. ಒತ್ತಲು ನೋಡಿತು, ಜಾರಿತು. ಮತ್ತೆ ಹೋಯಿತು, ಮತ್ತೆ ಜಾರಿತು. ಕತ್ತಲಲ್ಲಿ ದೀಪದ ಸ್ವಿಚ್ಚಿಗೆ ಗೋಡೆ ತಡಕುವ ಕೈಯ ಹಾಗೆ.

"ಏನು ಹುಡುಕ್ತಾ ಇದೆ ಅದು?" ಎಂದು ಕೇಳಿದಳು, ಅತ್ತಿಗೆಯನ್ನಲ್ಲ, ನಾಲಿಗೆಯನ್ನೇ ಕೇಳಿದ ಹಾಗೆ.

ಅತ್ತಿಗೆ ಬಾಯಿ ಮುಚ್ಚಿ, ಕತ್ತು ಸರಿಮಾಡಿಕೊಂಡು ಬರೆದರು: "ಜಾರುತ್ತೆ. ಎಣ್ಣೆ ಚೆಲ್ಲಿದ ಮೆಟ್ಟಿಲು. ಆಸ್ಪತ್ರೆಯಲ್ಲೇ ಬರೆದು ತೋರಿಸಿದೆ, ಮೇಡಂ ಅಭ್ಯಾಸ ಮಾಡಿ ಅಂದಳು."

ಮಂಗಳವಾರ ಲ್ಯಾಬಿನಲ್ಲಿ ಊಟದ ಬಿಡುವು. ಮೇಣದಕ್ಕ ಬಾಳೆಹಣ್ಣು ಸುಲಿದು ಒಂದು ತುಂಡು ಬಾಯಿಗಿಟ್ಟುಕೊಂಡು, ಅಗಿಯದೆ, ಕಣ್ಣು ಮುಚ್ಚಿ ಕುಳಿತಳು. ನಾಲಿಗೆ ಏನು ಮಾಡುತ್ತದೆಂದು ಕಾದಳು. ನಾಲಿಗೆ ನೇರವಾಗಿ ಮೇಲಿನ ಮುಂಬಲ್ಲುಗಳ ಹಿಂದಕ್ಕೆ ಹೋಗಿ, ಅಂಗುಳದ ಮೇಲಿರುವ ಸಣ್ಣ ಸಣ್ಣ ಉಬ್ಬುಗೆರೆಗಳಿಗೆ ತುದಿ ಊರಿ, ಅಲ್ಲಿಂದ ಹಣ್ಣನ್ನು ಹಿಂದಕ್ಕೆ ಹಿಂಡಿತು. ಹಿಟ್ಟು ಹಿಂಡುವ ಹಾಗೆ, ಮುಂದಿನಿಂದ ಹಿಂದಕ್ಕೆ. ಹಣ್ಣು ಗಂಟಲು ತಲುಪಿದ ಮೇಲಷ್ಟೇ ಉಳಿದದ್ದೆಲ್ಲ ತಾನಾಗಿ ನಡೆಯಿತು. ಅಂಗುಳದ ಪರದೆ ಮೇಲೆ, ಗಂಟಲಮಣಿ ಮೇಲೆ, ಉಸಿರಿಗೆ ಮುಚ್ಚಳ. ಆದರೆ ಮೊದಲ ತಳ್ಳು ಆ ಗೆರೆಗಳಿಂದ. ಅವು ಅತ್ತಿಗೆಯ ಬಾಯಲ್ಲಿ ಇಲ್ಲ. ಮೂಳೆಯೊಂದಿಗೆ ಹೋಗಿದ್ದವು. ಅವುಗಳ ಜಾಗದಲ್ಲಿ ಅವಳು ಕೊಟ್ಟದ್ದು ಕನ್ನಡಿ.

ಎದ್ದು ಹೋಗಿ ಗುಲಾಬಿ ಮೇಣದ ಒಂದು ತೆಳು ಹಾಳೆಯನ್ನು ಬಿಸಿನೀರಿನಲ್ಲಿ ಅದ್ದಿ, ತನ್ನ ಅಂಗುಳಕ್ಕೆ ಒತ್ತಿಕೊಂಡು, ಬೆರಳಿನಿಂದ ನುಣ್ಣಗೆ ಸವರಿದಳು. ಮತ್ತೆ ಬಾಳೆಹಣ್ಣು. ನಾಲಿಗೆ ಹೋಯಿತು, ಹುಡುಕಿತು, ಜಾರಿತು. ಹಣ್ಣು ಎಡಗೆನ್ನೆಗೆ ಹೋಯಿತು. ಬಲಗೆನ್ನೆಗೆ ಹೋಯಿತು. ಗಂಟಲಿಗೆ ಅಡ್ಡಬಿದ್ದು ಕೆಮ್ಮಿದಳು.

ಎದುರು ಮೇಜಿನಲ್ಲಿ ಹಲ್ಲಿನ ಕ್ಯಾಪು ಮಾಡುವ ಗೆಳತಿ ತುತ್ತನ್ನು ಕೈಯಲ್ಲೇ ಹಿಡಿದು ನೋಡುತ್ತಿದ್ದಳು. "ಏನೇ ಇದು? ಮನೇಲಿ ಊಟ ಹಾಕ್ಲಿಲ್ಲ ಅಂತ ಮೇಣ ತಿಂತಿದೀಯಾ?"

"ಗೆರೆ ಇಲ್ಲ ಕಣೇ," ಬಾಯಿ ತುಂಬ ಮೇಣ ಇಟ್ಟುಕೊಂಡೇ ಮೇಣದಕ್ಕ ಹೇಳಿದಳು. "ಅದಕ್ಕೆ ಗೆರೆ ಬೇಕು. ನಾನು ಉಜ್ಜಿ ಉಜ್ಜಿ... ಅಯ್ಯೋ, ಎಲ್ಲಾ ಪ್ಲೇಟೂ ಹಾಗೇ ಕಳಿಸಿದ್ದೀವಲ್ಲೇ."

"ಮೊದಲು ಉಗಿ ಅದನ್ನ, ಆಮೇಲೆ ಮಾತಾಡು."

ಮೇಣ ಉಗಿದಳು. ಎದೆ ಹಗುರಾಗಬೇಕಿತ್ತು, ಕೈ ಸೇಡಿನಿಂದ ಮಾಡಿರಲಿಲ್ಲ, ಕಸುಬಿನ ಹೆಮ್ಮೆಯಿಂದ ಮಾಡಿತ್ತು. ಆದರೆ ಹಗುರಾಗಲಿಲ್ಲ. ಆ ಹೆಮ್ಮೆ ಯಾರಿಗಾಗಿ ಅಷ್ಟು ಉಜ್ಜಿತು ಎಂದು ಅವಳಿಗೆ ಗೊತ್ತಿತ್ತಲ್ಲ. ಆ ಯೋಚನೆಗೆ ಈಗ ಪುರುಸೊತ್ತಿರಲಿಲ್ಲ. ಗುರುವಾರಕ್ಕೆ ಒಂದೂವರೆ ದಿನ ಉಳಿದಿತ್ತು.

ದವಡೆ ಡಾಕ್ಟರಿಗೆ ಫೋನು ಮಾಡಿದಳು. ಅವರು ಅರ್ಧ ಕೇಳಿಸಿಕೊಂಡು, "ಮಾಡಿ, ಆದರೆ ದಪ್ಪ ಆಗಬಾರದು. ಗುರುವಾರ ಪರೀಕ್ಷೆಗೆ ಮುಂಚೆ ನಾನು ಕೂರಿಸಿ ನೋಡ್ತೀನಿ" ಎಂದರು. ಗೆರೆಗಳ ಮಾದರಿ ಬೇಕಿತ್ತು. ಒಂದೊಂದು ಬಾಯಿಯ ಗೆರೆ ಒಂದೊಂದು ಥರ, ಬೆರಳಚ್ಚಿನ ಹಾಗೆ. ಅತ್ತಿಗೆಯವು ಎಲ್ಲೂ ಉಳಿದಿರಲಿಲ್ಲ. ಗೆಳತಿಯನ್ನು ಕರೆದು, ಅಚ್ಚಿನ ಹಿಟ್ಟನ್ನು ತಾನೇ ಕಲಸಿಕೊಟ್ಟು, ತನ್ನ ಬಾಯಿ ತೆರೆದಳು. ತಣ್ಣನೆಯ ಹಿಟ್ಟು ಗಂಟಲಿನವರೆಗೆ ಹರಿದು ಹೊಟ್ಟೆ ತೊಳೆಸಿತು. "ಮೂಗಲ್ಲಿ ಉಸಿರಾಡು, ಕಾಲು ಆಡಿಸು, ಗಂಡನ್ನ ಬೈಕೋ, ಏನಾದ್ರೂ ಮಾಡು, ಬಾಯಿ ಮಾತ್ರ ಮುಚ್ಚಬೇಡ" ಎಂದಳು ಗೆಳತಿ. ಒಬ್ಬೊಬ್ಬರೂ ಈ ಹಿಂಸೆ ಪಟ್ಟ ಮೇಲೇ ತನ್ನ ಮೇಜಿಗೆ ಒಂದೊಂದು ಅಚ್ಚು ಬರುತ್ತಿತ್ತೆಂದು ಆ ಎರಡು ನಿಮಿಷದಲ್ಲಿ ಅವಳಿಗೆ ತಿಳಿಯಿತು.

ಬುಧವಾರ ಬೆಳಿಗ್ಗೆ ತನ್ನ ಬಾಯಿಯ ಬಿಳಿಯ ಅಚ್ಚನ್ನು ಎದುರಿಗಿಟ್ಟುಕೊಂಡು, ಅತ್ತಿಗೆ ಕೊಟ್ಟು ಕಳಿಸಿದ ಪ್ಲೇಟಿನ ಮುಂಭಾಗವನ್ನು ಕಾಗದದಷ್ಟು ತೆಳ್ಳಗೆ ಕೆರೆದು, ಅದರ ಮೇಲೆ ಮೇಣದಲ್ಲಿ ಗೆರೆಗಳನ್ನು ನೋಡಿ ನೋಡಿ ಎಬ್ಬಿಸಿದಳು. ನಡುವೆ ಒಂದು ನೇರ ಏರು, ಅದರ ಎರಡೂ ಕಡೆಗೆ ಮೂರು ಮೂರು ಅಡ್ಡ ಗೆರೆ, ಎಡಗಡೆಯದು ಒಂದು ಕವಲೊಡೆದಿತ್ತು. ಹುದುಗಿಸಿ, ಬೇಯಿಸಿ, ಒಡೆದು ತೆಗೆಯುವಾಗ ಮಧ್ಯಾಹ್ನ ಮೂರು. ಅಂಚನ್ನಷ್ಟೇ ಉಜ್ಜಿದಳು.

ಕನ್ನಡಿ ಸಾರ್ ಬಂದರು. ಪ್ಲೇಟನ್ನು ದೀಪಕ್ಕೆ ಹಿಡಿದರು. ಹುಬ್ಬು ಗಂಟಾಯಿತು.

"ಏನಮ್ಮಾ ಇದು, ಹೊಲ ಉತ್ತ ಹಾಗಿದೆ? ಇದನ್ನ ಕಳಿಸ್ತೀಯಾ? ಮೂವತ್ತು ವರ್ಷದ ಹೆಸರು ನಮ್ಮದು. ಕೊಡು ಇಲ್ಲಿ, ನಾನೇ ಎರಡು ಸುತ್ತು ಚಕ್ರಕ್ಕೆ ಹಿಡೀತೀನಿ."

ಅವರು ಚಕ್ರದ ಸ್ವಿಚ್ಚು ಹಾಕಿಯೇಬಿಟ್ಟರು. ಮೇಣದಕ್ಕ ಅಲ್ಲಿಯವರೆಗೆ ಮಾಲೀಕರ ಎದುರು ದನಿ ಎತ್ತಿದವಳಲ್ಲ. ಕೈ ಚಾಚಿ ಸ್ವಿಚ್ಚು ಆರಿಸಿದಳು.

"ಸಾರ್, ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ನಿಮ್ಮ ಹಲ್ಲಿನ ಸೆಟ್ಟು ನೀವೇ ಉಜ್ಜಿದ್ದು, ಅಲ್ವಾ? ಮತ್ತೆ ಟೀಗೆ ಬಿಸ್ಕತ್ತು ತಿನ್ನುವಾಗ ಯಾಕೆ ತೆಗೆದು ಜೇಬಲ್ಲಿ ಇಟ್ಕೋತೀರಿ?"

ಮಾಲೀಕರು ತಿನ್ನುವಾಗ ಗೋಡೆಗೆ ತಿರುಗಿ ಹಲ್ಲು ತೆಗೆಯುವುದು ಎಲ್ಲರಿಗೂ ಗೊತ್ತಿದ್ದ, ಯಾರೂ ಆಡದ ವಿಷಯ. ಅವರ ಮುಖ ಕೆಂಪಾಯಿತು. ಬೈಯಲು ಬಾಯಿ ತೆರೆದವರು ಹಾಗೇ ಮುಚ್ಚಿಕೊಂಡರು. ಮುಚ್ಚಿದ ಬಾಯೊಳಗೆ ನಾಲಿಗೆ ಮೇಲೆ ಓಡಾಡುತ್ತಿರುವುದು ತುಟಿಯ ಮೇಲಿನಿಂದಲೇ ಕಾಣುತ್ತಿತ್ತು. ತುಂಬಾ ಹೊತ್ತು ಓಡಾಡಿತು.

"ಕಳಿಸು," ಎಂದರು ಕೊನೆಗೆ. "ಆದರೆ ಡಬ್ಬಿ ಮೇಲೆ ನಮ್ಮ ಲ್ಯಾಬಿನ ಸ್ಟಿಕ್ಕರ್ ಹಚ್ಚಬೇಡ." ಎರಡು ಹೆಜ್ಜೆ ಹೋಗಿ ತಿರುಗಿದರು. "ನಾಳೆ ಏನಾಯ್ತು ಅಂತ ನಂಗೊಂದು ಮಾತು ಹೇಳು."

ಗುರುವಾರ ದವಡೆ ಡಾಕ್ಟರು ಪ್ಲೇಟು ಕೂರಿಸಿ, ಒಂದು ಕಡೆ ಸ್ವಲ್ಪ ಕೆರೆದು, ಹನ್ನೊಂದಕ್ಕೆ ಐದು ನಿಮಿಷವಿರುವಾಗ ಹೊರಗೆ ಕಳಿಸಿದರು. ಕಾರಿಡಾರಿನ ಬೆಂಚಿನಲ್ಲಿ ಅತ್ತಿಗೆ ಕುಳಿತರು; ಮೇಣದಕ್ಕ ಕುಳಿತಳು, ಎದ್ದಳು, ನೀರಿನ ಯಂತ್ರದವರೆಗೆ ನಡೆದು ಬಂದಳು. ಅತ್ತಿಗೆಯ ಬಾಯಿ ಮುಚ್ಚಿತ್ತು, ಒಳಗೆ ನಾಲಿಗೆ ಹೊಸ ಮನೆ ನೋಡುವವರ ಹಾಗೆ ಮೂಲೆ ಮೂಲೆ ಸುತ್ತುತ್ತಿತ್ತು.

"ಈ ಗೆರೆ ಯಾರದು?" ಅತ್ತಿಗೆ ಕೇಳಿದರು. ಸ್ಲೇಟಿಲ್ಲದೆ, ಬಾಯಿಂದ. ಮಾತು ಇನ್ನೂ ಸ್ವಲ್ಪ ದಪ್ಪ, ಆದರೆ ಒಂದೊಂದು ಅಕ್ಷರವೂ ತನ್ನ ಜಾಗದಲ್ಲಿ ನಿಂತಿತ್ತು.

"ನಂದು."

"ಅದಕ್ಕೇ ಚುಚ್ಚತ್ತೆ."

ಮೇಣದಕ್ಕನಿಗೆ ನಗು ಬಂತೋ ಸಿಟ್ಟು ಬಂತೋ ತಿಳಿಯುವ ಮೊದಲೇ ಒಳಗಿನಿಂದ ಕರೆದರು.

ಎಕ್ಸ್‌ರೇ ಕೋಣೆಯಲ್ಲಿ ನುಂಗೋ ಮೇಡಂ ಅವಳಿಗೂ ಒಂದು ಸೀಸದ ಅಂಗಿ ತೊಡಿಸಿ ಗಾಜಿನ ಹಿಂದೆ ನಿಲ್ಲಿಸಿದಳು. ಅಂಗಿ ಮಣಭಾರ. ಪರದೆಯ ಮೇಲೆ ಅತ್ತಿಗೆಯ ತಲೆ ಪಕ್ಕದಿಂದ ಕಾಣುತ್ತಿತ್ತು, ಬೂದುಬಣ್ಣದ ನೆರಳು. ಅವಳು ಬಾಗಿಸಿದ ತಂತಿಗಳು ಮಾತ್ರ ಎದ್ದು ಕಾಣುತ್ತಿದ್ದವು.

ಮೊದಲ ಚಮಚ, ಪರದೆಯಲ್ಲಿ ಕಾಣಲೆಂದು ಬೇರಿಯಂ ಕಲಸಿದ ಗಟ್ಟಿ ಗಂಜಿ. ಬಾಯಲ್ಲಿ ಒಂದು ಕಪ್ಪು ಉಂಡೆಯಾಗಿ ಕುಳಿತಿತು.

"ನುಂಗಿ ಅಮ್ಮ."

ಅತ್ತಿಗೆ ನುಂಗಲಿಲ್ಲ. ಗಾಜಿನ ಆಚೆ, ಕುರ್ಚಿಯ ಕೈಗಳನ್ನು ಬಿಗಿಯಾಗಿ ಹಿಡಿದಿದ್ದ ಆ ಗಟ್ಟಿ ಹೆಂಗಸು ಹೆದರಿದ್ದರು. ಸೋಮವಾರದ ಕೆಮ್ಮು ಅವರ ಮೈಗೆ ನೆನಪಿತ್ತು. ಎಂಟು ಸೆಕೆಂಡು, ಹತ್ತು ಸೆಕೆಂಡು. ನುಂಗೋ ಮೇಡಂ ಪೆನ್ನು ಎತ್ತಿಕೊಂಡಳು. ಮೇಣದಕ್ಕ ಮುಂದೆ ಬಗ್ಗಿ ಮೈಕಿನ ಗುಂಡಿ ಒತ್ತಿದಳು. ಒತ್ತಬಹುದೋ ಬಾರದೋ ಕೇಳಲಿಲ್ಲ.

"ಅತ್ತಿಗೆ, ಗಂಟಲಿನ ಯೋಚನೆ ಬಿಡಿ. ಅದು ಅದರ ಕೆಲಸ ಮಾಡ್ಕೊಳ್ಳತ್ತೆ. ನಾಲಿಗೆ ತುದಿ ಹಲ್ಲಿನ ಹಿಂದೆ ಇಡಿ. ಎಡಗಡೆ ಒಂದು ಗೆರೆ ಕವಲಾಗಿದೆ, ಸಿಕ್ತಾ? ಅದಕ್ಕೆ ಒದ್ದು ಹಿಂದಕ್ಕೆ ತಳ್ಳಿ. ನನ್ನನ್ನೇ ಒದ್ದ ಹಾಗೆ."

ಪರದೆಯ ಮೇಲೆ ನಾಲಿಗೆಯ ತುದಿ ಎದ್ದಿತು. ಹುಡುಕಿತು. ನಿಂತಿತು. ಜಾರಲಿಲ್ಲ. ಊರಿಕೊಂಡು ಒತ್ತಿತು, ಕಪ್ಪು ಉಂಡೆ ಹಿಂದಕ್ಕೆ ಉರುಳಿತು. ಅದು ಗಂಟಲ ಅಂಚಿ‌ಗೆ ಬರುವಷ್ಟರಲ್ಲಿ ಮೆದು ಅಂಗುಳ ಮೇಲೆದ್ದು ಮೂಗಿನ ದಾರಿ ಮುಚ್ಚಿತ್ತು, ಧ್ವನಿಪೆಟ್ಟಿಗೆ ಮೇಲಕ್ಕೆ ನೆಗೆದಿತ್ತು, ಅದರ ಮೇಲೆ ಎಲೆಯಂಥ ಮುಚ್ಚಳ ಮಡಚಿಬಿದ್ದಿತ್ತು. ಒಂದು ಕ್ಷಣ ಆ ಮೈಯಲ್ಲಿ ಉಸಿರೇ ಇರಲಿಲ್ಲ. ಉಂಡೆ ಹಿಂದಿನ ದಾರಿಯಿಂದ, ಅನ್ನನಾಳದೊಳಕ್ಕೆ, ಒಂದು ಉದ್ದ ಕಪ್ಪು ಗೀಟಾಗಿ ಇಳಿದುಹೋಯಿತು. ಎಲ್ಲವೂ ಮತ್ತೆ ತೆರೆದುಕೊಂಡಿತು. ಒಂದು ಸೆಕೆಂಡಿನ ಕೆಲಸ.

"ಇನ್ನೊಂದು," ಎಂದಳು ನುಂಗೋ ಮೇಡಂ.

ಎರಡನೆಯದು ಹೋಯಿತು. ಮೂರನೆಯದು, ಹಿಸುಕಿದ ಹಣ್ಣು, ಎರಡು ತಳ್ಳಿನಲ್ಲಿ ಹೋಯಿತು. ತೆಳು ನೀರು ಕೊಟ್ಟಾಗ ಮಾತ್ರ ಒಂದು ಎಳೆ ಅವಸರಪಟ್ಟು, ಮುಚ್ಚಳ ಬೀಳುವ ಮೊದಲೇ ಉಸಿರುನಾಳದ ಬಾಗಿಲಿಗೆ ಇಣುಕಿತು. ಅತ್ತಿಗೆ ಜೋರಾಗಿ ಕೆಮ್ಮಿದರು. ಎಳೆ ವಾಪಸ್ಸು ಬಂತು. ಮೇಣದಕ್ಕ ಗಾಜಿಗೆ ಹಣೆ ಒತ್ತಿ ನಿಂತಿದ್ದಳು.

"ಕೆಮ್ಮಿದ್ದು ಒಳ್ಳೇದೇ," ಎಂದಳು ನುಂಗೋ ಮೇಡಂ, ಬರೆಯುತ್ತ. "ಕಾವಲು ಎಚ್ಚರವಾಗಿದೆ ಅಂತ ಅರ್ಥ. ಹೊಟ್ಟೆಗೆ ನಳಿಗೆ ಬೇಡ. ಮೂಗಿನದನ್ನೂ ಇವತ್ತೇ ತೆಗೀಬಹುದು. ನೀರು, ಟೀ ಮಾತ್ರ ಒಂದು ತಿಂಗಳು ಪುಡಿ ಹಾಕಿ ಗಟ್ಟಿ ಮಾಡಿ ಕುಡೀಬೇಕು." ಪೆನ್ನು ಕೆಳಗಿಟ್ಟು ಅವಳ ಕಡೆ ತಿರುಗಿದಳು. "ಆ ಗೆರೆ ವಿಷಯ ನಂಗೆ ಹೊಳೀಲಿಲ್ಲ ನೋಡಿ. ನಾಲಿಗೇನೇ ಬೈದುಬಿಟ್ಟೆ."

ಮೇಣದಕ್ಕ ಗಾಜಿನಿಂದ ಹಣೆ ತೆಗೆದಳು. ಕುಳಿತುಕೊಳ್ಳಲು ಕುರ್ಚಿ ಹುಡುಕುವಷ್ಟರಲ್ಲಿ ಒಳಗಿನಿಂದ ದನಿ ಕೇಳಿಸಿತು.

"ಗಟ್ಟಿ ನೀರಾ? ನೀರು ಗಟ್ಟಿ ಮಾಡ್ತಾರೇನ್ರೀ ಯಾರಾದ್ರೂ? ನೀವು ಕುಡಿದು ನೋಡಿದ್ದೀರಾ? ಅಂಟು ಅಂಟಾಗಿದೆ, ಥೂ. ಇದನ್ನ ಕುಡಿಯೋದು ಒಂದು ತಿಂಗಳಾ? ಯಾರು ಹೇಳಿದ್ದು? ಕರೀರಿ ಅವರನ್ನ."

ಅದೇ ದನಿ. ಅದೇ ಮೊನೆ. ಅದು ಕಿವಿಗೆ ಬಿದ್ದ ಕೂಡಲೇ ಅವಳ ಎರಡು ಭುಜಗಳೂ ತಾವಾಗಿ ಕಿವಿಯ ಕಡೆ ಎದ್ದವು. ಸೀಸದ ಅಂಗಿಯ ಭಾರವನ್ನೂ ಎತ್ತಿಕೊಂಡೇ ಎದ್ದವು. ಮನೆಯ ಮೌನ ಇವತ್ತಿಗೆ ಮುಗಿಯಿತು ಎಂದುಕೊಂಡಳು. ಪಾತ್ರೆ ತೊಳೆಯುವಾಗಿನ ಆ ಗುನುಗು ಒಂದು ಕ್ಷಣ ನೆನಪಾಯಿತು, ಇನ್ನು ಅದಿಲ್ಲವಲ್ಲ ಎನಿಸಿತು. ಅದು ಸುಳ್ಳಲ್ಲ. ಮತ್ತೆ ಆ ಕಪ್ಪು ಗೀಟು ನೇರವಾಗಿ ಇಳಿದದ್ದನ್ನು ನೋಡಿ ಹಣೆ ಗಾಜಿಗೆ ಬಿದ್ದದ್ದೂ ಸುಳ್ಳಲ್ಲ. ಎರಡನ್ನೂ ಒಂದೇ ಅಳತೆಗೆ ಉಜ್ಜಿ ಸರಿಮಾಡಲು ಅವಳಿಗೆ ಆ ಹೊತ್ತಿಗೆ ಮನಸ್ಸಾಗಲಿಲ್ಲ.

"ಏ ಹುಡುಗಿ, ಎಲ್ಲಿದೀಯಾ? ಬಾ ಇಲ್ಲಿ, ಇವರಿಗೆ ಸ್ವಲ್ಪ ಹೇಳು."

ಬಾಗಿಲು ತಳ್ಳಿ ಒಳಗೆ ಹೋದಳು. ಅತ್ತಿಗೆಯ ಕೈಯಲ್ಲಿ ಅಂಟುನೀರಿನ ಲೋಟ, ಇನ್ನೊಂದರಲ್ಲಿ ಚಮಚ. ನರ್ಸು ಸೊಂಟಕ್ಕೆ ಕೈಯಿಟ್ಟು ನಿಂತಿದ್ದಳು.

"ಲೋಟ ಪೂರ್ತಿ ಮುಗಿಸಿದ್ರೆ ಮೂಗಿನ ನಳಿಗೆ ತೆಗೀತಾರಂತೆ ಅತ್ತಿಗೆ," ಎಂದಳು ಮೇಣದಕ್ಕ.

"ಹಾಗಂತ ಇವಳು ಹೇಳ್ಬೇಕಾಗಿತ್ತು ಮೊದಲೇ," ಎಂದು ಅತ್ತಿಗೆ ನರ್ಸಿನ ಕಡೆ ಚಮಚ ತೋರಿಸಿ, ಒಂದು ಚಮಚ ಬಾಯಿಗಿಟ್ಟುಕೊಂಡರು. ಮಾತು ನಿಂತಿತು. ಕೋಣೆಯಲ್ಲಿ ಯಂತ್ರದ ಗುಂಯ್ಗುಟ್ಟುವ ಸದ್ದೊಂದೇ. ಗಂಟಲಮಣಿ ಎದ್ದು ಇಳಿಯಿತು. "ಇದಕ್ಕಿಂತ ಗೋಂದು ಕುಡೀಬಹುದು." ಮತ್ತೊಂದು ಚಮಚ, ಮತ್ತೆ ಮೌನ, ಮತ್ತೆ ಎದ್ದು ಇಳಿಯಿತು. "ಯಾರ ತಲೆಗೆ ಬಂತೋ ಈ ಪುಡಿ."

ಮೇಣದಕ್ಕ ಬಾಗಿಲ ಬಳಿ, ಬಿಚ್ಚಲು ಮರೆತ ಸೀಸದ ಅಂಗಿಯಲ್ಲಿ, ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸುತ್ತ ನಿಂತಿದ್ದಳು. ಒಂದು ಚಮಚ, ಒಂದು ಬೈಗುಳ. ಒಂದು ಚಮಚ, ಒಂದು ಬೈಗುಳ. ಲೋಟದಲ್ಲಿ ಇನ್ನೂ ಅರ್ಧದಷ್ಟಿತ್ತು.